ದೇವರ ದನದ ಬೂದಿ

"ಮುಟ್ಬ್ಯಾಡ್ರಿ ಅತ್ತೆ..."

ಸೂರಮ್ಮ ಅತ್ತೆಯ ಕೈಯನ್ನು ಹಿಡಿದೇ ಬಿಟ್ಟಳು. ಮದುವೆಯಾದ ನಾಲ್ಕು ವರ್ಷದಲ್ಲಿ ಒಮ್ಮೆಯೂ ತಲೆ ಎತ್ತಿ ಮಾತಾಡದ ಸೊಸೆ ಹೀಗೆ ಅಡ್ಡ ಬಂದರೆ ಕಾಟಮ್ಮನಿಗೆ ಹೇಗಾಗಿರಬೇಡ!

"ನನ್ನ ಮಗನ್ನ ಮುಟ್ಟಾಕೆ ನಿನ್ನ ಅಪ್ಪಣೆ ಬೇಕೇನೇ? ಹೆತ್ತೋಳು ನಾನು."

"ಡಾಕ್ಟರು ಹೇಳವ್ರೆ. ಹತ್ತು ದಿನ ಗಾಯಕ್ಕೆ ತೊಳೀದ ಕೈ ತಾಗಬಾರ್ದಂತೆ."

ಸೂರಮ್ಮನ ಗಂಡ ಚಿನ್ನಯ್ಯ ಮೊಳಕಾಲ್ಮೂರಿನ ಕಡೆಯ ಹಟ್ಟಿಯಲ್ಲಿ ದೇವರ ದನ ಕಾಯುವವನು. ಆ ದನಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಅಂಥ ಹಿಂಡಿನ ಹೋರಿಯೊಂದು ಅವನ ಹೊಟ್ಟೆಗೇ ತಿವಿದಿತ್ತು. ಗಾಡಿಯಲ್ಲಿ ಹಾಕಿಕೊಂಡು ಚಳ್ಳಕೆರೆಗೆ ತಂದಾಗ ಅಲ್ಲಿನ ಡಾಕ್ಟರು ಹರಿದ ಕರುಳನ್ನು ಹೊಲಿದು, ಹೊಟ್ಟೆ ತೊಳೆದು ಮುಚ್ಚಿ, ಪಕ್ಕದ ಛತ್ರದ ಕೋಣೆಯಲ್ಲಿ ಮಲಗಿಸಿದ್ದರು. "ನನ್ನ ಕೆಲಸ ಮುಗಿಯಿತು ತಾಯಿ. ಇನ್ನು ಗಾಯ ಕೀವಾಗದಂತೆ ಕಾಯುವುದು ನಿನ್ನ ಕೈಯಲ್ಲಿದೆ. ಬಟ್ಟೆಯನ್ನು ಕುದಿಸಿಯೇ ಕಟ್ಟು. ಕೈಯನ್ನು ಔಷಧಿ ನೀರಿನಲ್ಲಿ ತೊಳೆದೇ ಮುಟ್ಟು," ಎಂದು ಸೂರಮ್ಮನಿಗೆ ಹೇಳಿದ್ದರು.

ಆ ಮಾತನ್ನು ಸೂರಮ್ಮ ವ್ರತದ ಹಾಗೆ ಹಿಡಿದಳು. ಔಷಧಿ ನೀರಿಗೆ ಅಂಗೈ ಸಿಪ್ಪೆ ಎದ್ದರೂ ಬಿಡಲಿಲ್ಲ. ಆರನೆಯ ದಿನಕ್ಕೆ ಗಾಯ ಒಣಗುತ್ತಾ ಬಂದಿತು, ಚಿನ್ನಯ್ಯ ಗಂಜಿ ಬೇಕೆಂದ. ಅವಳು ಗೋಡೆಯ ಕಡೆ ತಿರುಗಿ ಅತ್ತಳು... ಸಂತೋಷಕ್ಕೆ.

ಬಾಗಿಲಾಚೆ ಕೂತ ಕಾಟಮ್ಮನ ಸೆರಗಿನ ಗಂಟಿನಲ್ಲಿ ಬೇರೆಯೇ ಔಷಧಿ ಇತ್ತು. ಹಟ್ಟಿಯಲ್ಲಿ ಯಾರಿಗೆ ಗಾಯವಾದರೂ ದೇವರ ದೊಡ್ಡಿಯ ಸಗಣಿ ಸುಟ್ಟ ಬೂದಿಯನ್ನೇ ಹಚ್ಚುವುದು. "ತಿವಿದಿದ್ದು ಹೋರಿ ಅಲ್ಲ, ದೇವರು ಮುನಿದಿದ್ದು. ದೊಡ್ಡಿ ಬೂದಿ ಬೀಳದೆ ಇದು ಮಾಯಲ್ಲ," ಎಂದು ಛತ್ರಕ್ಕೆ ಬಂದು ಹೋಗುವವರಿಗೆಲ್ಲ ಹೇಳುತ್ತಿದ್ದಳು. ಕೇಳಿದವರು ತಲೆ ಆಡಿಸುತ್ತಿದ್ದರು. ತಲೆ ಆಡಿಸುವುದಕ್ಕೇನು ಖರ್ಚು?

ಏಳನೆಯ ದಿನ ಬೆಳಿಗ್ಗೆ ಸೂರಮ್ಮ ಬಾವಿಯಿಂದ ನೀರು ಹೊತ್ತು ಬಂದಾಗ ಅತ್ತೆ ಮಗನ ತಲೆದೆಸೆಯಲ್ಲಿ ಕೂತು ಕೂದಲು ನೇವರಿಸುತ್ತಿದ್ದಳು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ನೆಮ್ಮದಿ ಕಂಡಿತ್ತು. ಆದರೆ ಹೊಟ್ಟೆಯ ಪಟ್ಟಿಯ ಗಂಟು ಎಡಕ್ಕೆ ಬಿದ್ದಿತ್ತು. ಸೂರಮ್ಮ ಕಟ್ಟುತ್ತಿದ್ದುದು ಬಲಕ್ಕೆ.

ಬಿಚ್ಚಿದಳು. ಹೊಲಿಗೆಯ ಉದ್ದಕ್ಕೂ ಬೂದಿ...

"ದೇವರ ಬೂದೀನ ತೊಳೀತೀಯೇನೇ ಪಾಪಿ," ಎಂದು ಕಾಟಮ್ಮ ಕೂಗಿಕೊಳ್ಳುತ್ತಿದ್ದರೂ ಕೇಳದೆ ತೊಳೆದಳು, ಡಾಕ್ಟರನ್ನು ಕರೆತಂದಳು. ಅವರೂ ತೊಳೆದರು. ಎರಡು ದಿನಕ್ಕೆ ಗಾಯ ಕೆಂಪಾಗಿ ಬಿರಿಯಿತು, ಮೈ ಕಾದ ಹೆಂಚಾಯಿತು, ಹೊಟ್ಟೆ ಕಲ್ಲಿನಂತೆ ಬಿಗಿಯಿತು. "ನಂಜು ಒಳಗೆ ಇಳಿದಿದೆ ತಾಯಿ," ಎಂದ ಡಾಕ್ಟರು ಅವಳ ಮುಖ ನೋಡಲಾರದೆ ಹೊರಟರು.

ಚಿನ್ನಯ್ಯ ಹೆಂಡತಿಯ ಸಿಪ್ಪೆ ಎದ್ದ ಅಂಗೈಯನ್ನು ಹಿಡಿದುಕೊಂಡ.

"ಸೂರೀ... ಬೂದಿಯಿಂದ ಹಿಂಗಾತು ಅಂತ ಅವ್ವಂಗೆ ಹೇಳಬ್ಯಾಡ."

"ಹೆಂಗೆ ಸುಮ್ನಿರ್ಲಿ? ಆರು ದಿನ ಕಾದೆ ನಾನು..."

"ಉಳಿಸಾಕೇ ಹಚ್ಚಿದ್ದು ಅವ್ವ. ತಿಳಿದ್ರೆ ಒಂದಿನಾನೂ ಬದುಕಲ್ಲ. ಭಾಷೆ ಕೊಡು."

ಅವಳು ಕೊಟ್ಟಳು. ಮಾರನೆಯ ದಿನ ಅವನು ಹೋದ.

ಮಣ್ಣು ಮಾಡಿ ಬಂದ ಮೇಲೆ ಹಟ್ಟಿಯ ಜನ ಸುತ್ತ ಕೂತಿದ್ದಾಗ ಕಾಟಮ್ಮ ಎದೆ ಬಡಿದುಕೊಂಡು ಸೊಸೆಯ ಕಡೆ ಕೈ ತೋರಿಸಿದಳು. "ದೇವರ ಬೂದಿ ಬಿದ್ದಿತ್ತು, ನನ್ನ ಮಗ ಉಳೀತಿದ್ದ. ಇವ್ಳು ತೊಳೆದ್ಲು. ತೊಳೆದು ಕೊಂದ್ಲು!"

ಹಿರಿಯ ಬೊಮ್ಮಲಿಂಗಪ್ಪ ಸೂರಮ್ಮನನ್ನು ನೋಡಿದ. "ಹೌದೇನಮ್ಮಾ?"

ಒಂದು ಮಾತು ಸಾಕಿತ್ತು. ಅವಳು ಎದುರಿಗೆ ಮಗನ ಕಂಬಳಿಯನ್ನು ಅವುಚಿಕೊಂಡು ನಡುಗುತ್ತಿದ್ದ ಮುದುಕಿಯನ್ನು ನೋಡಿದಳು.

"ಹೌದು. ನಾನೇ ತೊಳೆದಿದ್ದು," ಎಂದಳು. ಜನ ಅವಳಿಂದ ಅಷ್ಟು ದೂರ ಸರಿದು ಕೂತರು. ಬೆಳಗಿನಿಂದ ಅತ್ತೆ ಗುಟುಕು ನೀರೂ ಕುಡಿದಿರಲಿಲ್ಲ. ಸೂರಮ್ಮ ಎದ್ದು, ಕೊಡ ತೆಗೆದುಕೊಂಡು ಬಾವಿಯ ಕಡೆ ಹೋದಳು.