ಗಂಧರ್ವನ ಬಾಟಲಿ

ಅವರಿಬ್ಬರೂ ಮೊದಲ ಸಲ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಾಗ ಆ ಕೋಣೆಯಲ್ಲಿ ಕೊಳೆತ ಮಾಂಸದ ವಾಸನೆ ತುಂಬಿಕೊಂಡಿತ್ತು.

ವಿಶ್ವವಿದ್ಯಾಲಯದ ಹಳೇ ಕಟ್ಟಡದ ನೆಲಮಾಳಿಗೆ ಅದು. ತೆರೆಯಲು ಬಾರದ ಕಿಟಕಿ, ಕಾಲು ಅಲ್ಲಾಡುವ ಮೇಜು, ಮೇಜಿನ ಮೇಲೆ ಬೆರಳುದ್ದದ ಗಾಜಿನ ಬಾಟಲಿ. ಅದರ ಮುಚ್ಚಳ ತೆಗೆದವನು ರಸಾಯನಶಾಸ್ತ್ರದ ಸಂಶೋಧಕ. ಹಗಲೂ ಇರುಳೂ ವಾಸನೆಗಳ ಜೊತೆಗೇ ಸಂಸಾರ ಮಾಡುತ್ತಿದ್ದರಿಂದ ಕ್ಯಾಂಪಸ್ಸಿನವರೆಲ್ಲ ಅವನಿಗೆ ಗಂಧರ್ವ ಅಂತ ಹೆಸರಿಟ್ಟಿದ್ದರು.

"ವಾಸಿಯಾಗದ ಗಾಯದ ವಾಸನೆ. ಅಪ್ಪಟ ಲ್ಯಾಬಿನಲ್ಲೇ ಮಾಡಿದ್ದು. ಹೇಗಿದೆ?" ಅಂತ ಗಂಧರ್ವ ಹೆಮ್ಮೆಯಿಂದ ಕೇಳಿದ, ಹೊಸ ಅಡುಗೆ ಬಡಿಸಿದವನ ಹಾಗೆ.

ವರ್ಷಗಟ್ಟಲೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ಅವಳು, ಆದರೂ ಕೈ ಮೂಗಿಗೆ ಹೋಯಿತು. ಎದುರಿಗೆ ಕೂತಿದ್ದವನ ಮುಖ ನೋಡಿದಳು. ರಂಗಭೂಮಿ ವಿಭಾಗದವನು, ನಟರ ಮುಖದ ಸ್ನಾಯುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ತಿಳಿಯಾದ ಕಣ್ಣು, ಸಡಿಲವಾದ ತುಟಿ. ಮಲ್ಲಿಗೆ ಮೂಸಿದವನ ಹಾಗೆ ಅವಳನ್ನೇ ನೋಡುತ್ತಿದ್ದ.

"ನಿಮಗೆ ವಾಸನೆ ಬರ್ತಾ ಇಲ್ವಾ?"

"ಕರುಳು ಕಿತ್ಕೊಂಡು ಬಾಯಿಗೆ ಬರ್ತಿದೆ," ಅಂದ ಅವನು, ಅದೇ ತಿಳಿ ಮುಖದಲ್ಲಿ. "ದಯವಿಟ್ಟು ಯಾರಾದ್ರೂ ಆ ಮುಚ್ಚಳ ಹಾಕ್ತೀರಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ನಗಲು ಉಸಿರು ಎಳೆದುಕೊಳ್ಳಬೇಕಾಗಿ ಬಂದು, ಮತ್ತಷ್ಟು ವಾಸನೆ ಒಳಹೋಗಿ, ಕೆಮ್ಮುತ್ತಾ ಬಾಗಿಲ ಕಡೆ ಓಡಿದಳು.

ಮೂರು ವಿಭಾಗದವರನ್ನೂ ಒಂದೇ ಕೋಣೆಗೆ ತಂದದ್ದು ಅವಳ ಸಂಶೋಧನೆ. ಗಾಯ ಇರುವವರಿಗೆ ಗಾಯಕ್ಕಿಂತ ಹೆಚ್ಚು ನೋವು ಕೊಡುವುದು ಬ್ಯಾಂಡೇಜ್ ಬಿಚ್ಚುವವರ ಮುಖ ಅನ್ನುವುದು ಅವಳ ವಾದ. ಆ ಮೂಗಿನ ಪಕ್ಕದ ಸಣ್ಣ ಸುಕ್ಕು. ಎತ್ತಿಕೊಂಡ ಮೇಲ್ದುಟಿ. ಎಷ್ಟೇ ಒಳ್ಳೇ ಮಾತಾಡಿದರೂ ರೋಗಿ ಅದನ್ನು ನೋಡೇ ನೋಡುತ್ತಾನೆ. ಹಾಗಾಗಿ ನರ್ಸಿಂಗ್ ಓದುವ ಹುಡುಗಿಯರಿಗೆ ಮುಖ ಹಿಡಿತದಲ್ಲಿಡುವುದನ್ನು ಕಲಿಸಬೇಕು. ಕಲಿಸಲು ನಟ ಬೇಕು, ಕಲಿಯಲು ನಾತ ಬೇಕು.

ಅವಳು ಬಾಯಿಬಿಟ್ಟು ಯಾರಿಗೂ ಹೇಳದ ಸಂಗತಿ ಬೇರೆ ಇತ್ತು. ಅಂಥ ಸುಕ್ಕೊಂದನ್ನು ಅವಳು ಮಂಚದ ಮೇಲೆ ಮಲಗಿ ನೋಡಿದ್ದಳು.

ಕರುಳಿನ ಕಾಯಿಲೆ ವಿಪರೀತಕ್ಕೆ ಹೋಗಿ ದೊಡ್ಡ ಕರುಳನ್ನೇ ತೆಗೆದಿದ್ದರು. ಹೊಟ್ಟೆಯ ಬಲಗಡೆ ಒಂದು ಸಣ್ಣ ಬಾಯಿ ಮಾಡಿ, ಅದಕ್ಕೆ ಚೀಲ ಅಂಟಿಸಿದ್ದರು. ಇನ್ನು ಜೀವ ಇರುವವರೆಗೂ ಮಲ ಬರುವುದು ಅಲ್ಲಿಂದಲೇ. ಮದುವೆಗೆ ಮಾತಾಗಿದ್ದವನು ಆಸ್ಪತ್ರೆಗೆ ಒಮ್ಮೆ ಬಂದ. ಬಂದವನು ಮೊದಲು ಕಿಟಕಿ ತೆರೆದ. ಆಮೇಲೆ ಕಿಟಕಿಯ ಹತ್ತಿರವೇ ನಿಂತು ಹವೆ, ಟ್ರಾಫಿಕ್ಕು ಅಂತ ಮಾತಾಡಿ, ಹೊರಟುಹೋದ. ಮದುವೆ ಮುರಿದ ಸುದ್ದಿ ಅವನ ಚಿಕ್ಕಪ್ಪನಿಂದ ಫೋನಿನಲ್ಲಿ ಬಂತು.

ಅವನ ಮೇಲೆ ಸಿಟ್ಟು ಬರಲಿಲ್ಲ ಅವಳಿಗೆ. ತನ್ನ ಮೈ ಮೇಲೆಯೇ ಹೇಸಿಗೆ ಬಂತು. ಚೀಲ ತೊಳೆಯುವಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದಳು. ಕನ್ನಡಿಯಲ್ಲಿ ಕತ್ತಿನಿಂದ ಕೆಳಗೆ ನೋಡುವುದನ್ನೇ ಬಿಟ್ಟಳು. ಲಿಫ್ಟಿನಲ್ಲಿ ಯಾರಾದರೂ "ಏನೋ ವಾಸನೆ" ಅಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಅವಳ ಕೈ ಹೊಟ್ಟೆಗೆ ಹೋಗುತ್ತಿತ್ತು.

ಕೆಲಸ ಶುರುವಾಯಿತು. ವಾರವಾರವೂ ಗಂಧರ್ವ ಹೊಸ ಬಾಟಲಿ ತರುತ್ತಿದ್ದ: ಕೀವು, ಹಳಸಿದ ರಕ್ತ, ಕೊಳೆತ ಹಲ್ಲು. ವಿದ್ಯಾರ್ಥಿನಿಯರಿಗೆ ಕಲಿಸುವ ಮೊದಲು ಇವರಿಬ್ಬರೂ ಎದುರುಬದುರು ಕೂತು ಅಭ್ಯಾಸ ಮಾಡಬೇಕು. ಅವಳು ರೋಗಿ, ಅವನು ನರ್ಸು.

"ಮುಖ ಕಲ್ಲು ಮಾಡ್ಕೋಬೇಡಿ ಅಂತ ಅವರಿಗೆ ಹೇಳ್ಬೇಕು," ಅನ್ನುತ್ತಿದ್ದ ಅವನು. "ಕಲ್ಲು ಮಾಡ್ಕೊಂಡ್ರೂ ರೋಗಿಗೆ ಗೊತ್ತಾಗತ್ತೆ. ಉಸಿರು ಮೆಲ್ಲಗೆ ಹೊರಗೆ ಬಿಡ್ತಾ, ಎದುರಿಗಿರೋರ ಕಣ್ಣಲ್ಲಿ ಏನಾದ್ರೂ ಒಂದು ಚಂದ ಹುಡುಕ್ಬೇಕು."

"ನನ್ನ ಕಣ್ಣಲ್ಲಿ ಏನು ಹುಡುಕ್ತಿದ್ದೀರಾ ಈಗ?"

"ಎಡಗಣ್ಣಿನ ರೆಪ್ಪೆಗೆ ಹತ್ತಿಯ ಎಳೆ ಅಂಟಿದೆ. ಬೆಳಗ್ಗೆಯಿಂದ ನೋಡ್ತಾ ಇದ್ದೀನಿ. ತೆಗೀಬೇಡಿ, ಪಾಠಕ್ಕೆ ಬೇಕು."

ಅವಳು ಕೆಂಪಾದಳು. ಪಕ್ಕದಲ್ಲಿ ಮಾಸ್ಕ್ ಹಾಕಿಕೊಂಡು ಟಿಪ್ಪಣಿ ಬರೆಯುತ್ತಿದ್ದ ಗಂಧರ್ವ ತಲೆ ಎತ್ತದೆಯೇ, "ಹೆಣದ ವಾಸನೇಲಿ ಸರಸ ಆಡೋರನ್ನ ಈಗಲೇ ನೋಡಿದ್ದು," ಅಂದ.

ಅವಳನ್ನು ಏನಂತ ಕರೆಯುವುದು ಅನ್ನುವುದೂ ಒಂದು ತಮಾಷೆಯಾಗಿತ್ತು. ವಿದ್ಯಾರ್ಥಿನಿಯರು ರೂಢಿಯಂತೆ ಸಿಸ್ಟರ್ ಅನ್ನುತ್ತಿದ್ದರು. "ಬೇರೆ ಏನು ಬೇಕಾದ್ರೂ ಕರೀತೀನಿ, ಸಿಸ್ಟರ್ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ," ಅಂದುಬಿಟ್ಟಿದ್ದ ಅವನು. ಕೊನೆಗೆ ಡಾಕ್ಟರಮ್ಮ ಅಂತಾಯಿತು. ಮುಖದ ಪಾಠ ಹೇಳುವ ಅವನು ಅವಳಿಗೆ ಮೇಷ್ಟ್ರು.

"ಇನ್ನೂ ಥೀಸಿಸ್ಸೇ ಮುಗಿದಿಲ್ಲ ಮೇಷ್ಟ್ರೇ."

"ಮುಗಿಯೋ ತನಕ ಕಾಯ್ತೀನಿ. ಆಮೇಲೂ ಕಾಯ್ತೀನಿ."

ಮನೆಯಲ್ಲಿ ಅಕ್ಕ ಎಲ್ಲವನ್ನೂ ಗಮನಿಸುತ್ತಿದ್ದಳು. "ಈಚೆಗೆ ಬಾಚಣಿಗೆ ಜಾಸ್ತಿ ಸವೀತಿದೆ," ಅಂದಳು ಒಂದು ಬೆಳಗ್ಗೆ.

"ಹೇಳ್ಕೊಂಡು ಪ್ರಯೋಜನ ಇಲ್ಲ ಅಕ್ಕ."

"ಅವನಿಗೆ ಹೇಳೇ ನಿನ್ನ ವಿಷಯ. ಏನೂ ಗೊತ್ತಾಗಲ್ಲ ಕಣೇ, ವಾಸನೆಯೇ ಬರಲ್ಲ."

ಅಕ್ಕ ಒಳ್ಳೆಯವಳು, ಆದರೆ ಆ ಮಾತು ಸುಳ್ಳು. ಅವಳು ಬಚ್ಚಲಿಂದ ಬಂದ ಮೇಲೆ ಅಕ್ಕ ಸದ್ದಿಲ್ಲದೆ ಹೋಗಿ ಫ್ಯಾನ್ ಹಾಕುವುದು ಅವಳಿಗೆ ಗೊತ್ತಿತ್ತು. ಮನೆಮಂದಿಯೆಲ್ಲ ಸೇರಿ ಹೇಳುವ ಆ ಸಿಹಿ ಸುಳ್ಳು ಅವಳಿಗೆ ಚೀಲಕ್ಕಿಂತ ಅಸಹ್ಯವಾಗಿತ್ತು.

ಮೇಷ್ಟ್ರು ಮನಸ್ಸಿನ ಮಾತು ಹೇಳಿದ್ದು ನೆಲಮಾಳಿಗೆಯ ಮೆಟ್ಟಿಲ ಮೇಲೆ, ಬಾಟಲಿಗಳ ಟ್ರೇ ಕೈಯಲ್ಲಿ ಹಿಡಿದುಕೊಂಡು.

"ಡಾಕ್ಟರಮ್ಮ, ಸುತ್ತಿಬಳಸಿ ಮಾತಾಡೋಕೆ ನನಗೆ ಬರಲ್ಲ. ನೀವು ಅಂದ್ರೆ ನನಗೆ ಇಷ್ಟ. ಒಂದಿನ ಈ ಬಾಟ್ಲಿಗಳಿಲ್ಲದೆ ಎಲ್ಲಾದ್ರೂ ಕೂತು ಊಟ ಮಾಡೋಣವಾ?"

ಹ್ಞೂಂ ಅನ್ನಬೇಕು ಅನ್ನಿಸಿತು ಅವಳಿಗೆ. ಅದೇ ಹೊತ್ತಿಗೆ ಚೀಲದೊಳಗೆ ಗಾಳಿ ಗುಳಕ್ ಅಂದಿತು. ತನ್ನ ಮೈಯೇ ತನ್ನನ್ನು ಅಣಕಿಸಿದ ಹಾಗಾಯಿತು. ಅವನ ಮುಖ ನೋಡಿದಳು. ಅದೇ ತಿಳಿ ಕಣ್ಣು. ಕೊಳೆತ ಮಾಂಸದ ಎದುರೂ ಹೀಗೇ ಇದ್ದ ಕಣ್ಣು. ನಾಳೆ ವಿಷಯ ಗೊತ್ತಾದ ಮೇಲೂ ಹೀಗೇ ಇರುತ್ತದೆ. ಒಳಗೆ ಓಕರಿಕೆ ಬರುತ್ತಿದ್ದರೂ ಹೀಗೇ ಇರುತ್ತದೆ. ಇವನ ಜೊತೆ ಬದುಕಿದರೆ ನಿಜ ಯಾವುದು ಅಂತ ಸಾಯುವ ತನಕ ಗೊತ್ತಾಗುವುದಿಲ್ಲ.

"ಬೇಡ," ಅಂದಳು.

"ನನ್ನ ಕಂಡ್ರೆ ಅಸಹ್ಯನಾ?"

"ಹೌದು ಅಂತಲೇ ಇಟ್ಕೊಳ್ಳಿ."

ಅವನ ಮುಖ ಆಗಲೂ ಅಲುಗಲಿಲ್ಲ. ಟ್ರೇಯಲ್ಲಿದ್ದ ಬಾಟಲಿಗಳು ಮಾತ್ರ ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ವಿಶ್ವವಿದ್ಯಾಲಯದ ಸಂಶೋಧನಾ ಮೇಳ ಬಂತು. ಕಲೆ, ಆರೋಗ್ಯ, ವಿಜ್ಞಾನ ಎಲ್ಲ ಒಂದೇ ಸೂರಿನಡಿ ಅಂತ ಬ್ಯಾನರು. ಒಬ್ಬರು ಎರೆಹುಳು ಮಣ್ಣಲ್ಲಿ ಹರಿಯುವ ಸದ್ದು ಕೇಳಿಸುತ್ತಿದ್ದರು. ಇನ್ನೊಬ್ಬರು ಮರೆವಿನ ಕಾಯಿಲೆಯ ಅಜ್ಜಿಯರು ಹೆಣೆದ ದಾರದ ಚಿತ್ರಗಳನ್ನು ತೂಗುಹಾಕಿದ್ದರು. ಹಳೇ ಬಣ್ಣಗಳಲ್ಲಿನ ವಿಷ, ಕೃತಕ ಮಂಡಿಚಿಪ್ಪು, ಸತ್ತುಹೋದ ಭಾಷೆಯ ಲಾಲಿಹಾಡು. ಡೀನ್ ಸಾಹೇಬರು ಪ್ರತಿ ಸ್ಟಾಲಿನಲ್ಲೂ ನಿಂತು ಅದ್ಭುತ, ಅದ್ಭುತ ಅನ್ನುತ್ತಾ, ಯಾವುದನ್ನೂ ನೋಡದೆ, ಫೋಟೋದವನ ಕಡೆಗೇ ನಗುತ್ತಿದ್ದರು. ಆ ಬೆಣ್ಣೆ ಸವರಿದ ನಗು ನೋಡಿ ಅವಳಿಗೆ ಬೆಳಗ್ಗೆ ಕುಡಿದ ಕಾಫಿ ಗಂಟಲಿಗೆ ಬಂತು.

ಇವರ ಪ್ರಾತ್ಯಕ್ಷಿಕೆ ಸಭಾಂಗಣದ ವೇದಿಕೆಯ ಮೇಲೆ. ಅವಳು ರೋಗಿಯಾಗಿ ಕುರ್ಚಿಯಲ್ಲಿ ಒರಗಿದಳು. ಕಾಲಿಗೆ ಸುಳ್ಳು ಬ್ಯಾಂಡೇಜು. ಗಂಧರ್ವ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ, ಸನ್ನೆ ಸಿಕ್ಕಾಗ ಮುಚ್ಚಳ ತೆಗೆಯಬೇಕು. ಮೆಟ್ಟಿಲಿನ ಆ ದಿನದ ನಂತರ ಅವಳ ಜೊತೆ ಕೆಲಸದ ಮಾತಷ್ಟೇ ಆಡಿದ್ದ ಮೇಷ್ಟ್ರು, ನರ್ಸಿನ ಹಾಗೆ ಬಂದು ಮುಂದೆ ಬಾಗಿದ.

ಆಗ ಅವಳಿಗೆ ಅಂಗಿಯೊಳಗೆ ಬಿಸಿಬಿಸಿಯಾಗಿ ಏನೋ ಇಳಿದ ಹಾಗಾಯಿತು.

ಒರಗಿ ಕೂತಾಗ ಚೀಲದ ಅಂಟು ಬಿಟ್ಟಿತ್ತು. ಕೆಳಗೆ ನೋಡಬೇಕಾಗಿರಲಿಲ್ಲ, ಗೊತ್ತಾಯಿತು. ವಾಸನೆ ಮೇಲೆದ್ದಿತು. ಯಾವ ಬಾಟಲಿಯದೂ ಅಲ್ಲದ, ಯಾವ ಲ್ಯಾಬೂ ಮಾಡದ, ಅವಳದೇ ವಾಸನೆ. ಎದ್ದರೆ ಎಲ್ಲರಿಗೂ ಕಾಣುತ್ತದೆ. ಕೂತರೆ ಎಲ್ಲರಿಗೂ ನಾರುತ್ತದೆ.

ಅವನ ಮುಖ ಒಂದು ಗೇಣು ದೂರದಲ್ಲಿತ್ತು. ಮೂಗಿನ ಎರಡೂ ಪಕ್ಕ ಸುಕ್ಕು ಬಿತ್ತು. ಮೇಲ್ದುಟಿ ಎತ್ತಿಕೊಂಡಿತು. ಅವಳು ಇಷ್ಟು ದಿನ ಆ ಮುಖದಲ್ಲಿ ಹುಡುಕಿದರೂ ಸಿಗದಿದ್ದ ಹೇಸಿಗೆ ಈಗ ಅಲ್ಲಿ ಬರೆದ ಹಾಗೆ ಕಂಡಿತು. ಮುಗಿಯಿತು ಅಂದುಕೊಂಡಳು.

ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಮೂಗಿಗೆ ಹೋದವು. "ಎಷ್ಟು ನೈಜ! ಅದ್ಭುತ!" ಅಂದರು ಡೀನ್.

"ಆದ್ರೆ ಸರ್, ನಾನಿನ್ನೂ ಮುಚ್ಚಳನೇ..." ಅಂತ ಗಂಧರ್ವ ಕಕ್ಕಾಬಿಕ್ಕಿಯಾಗಿ ಬಾಟಲಿ ಎತ್ತಿ ತೋರಿಸಹೊರಟ.

ಅವನ ಮಾತು ಮುಗಿಯಲಿಲ್ಲ. ಮೇಷ್ಟ್ರು ತಟ್ಟನೆ ತಿರುಗಿ ಬಾಟಲಿಯನ್ನು ಕಸಿದುಕೊಂಡ. ಮುಚ್ಚಳ ಕಿತ್ತು, ಕೈಜಾರಿದವನ ಹಾಗೆ ಮೇಲಕ್ಕೆ ಚಿಮ್ಮಿಸಿದ. ಅರ್ಧ ಅವನ ತೋಳಿನ ಮೇಲೆ ಸುರಿಯಿತು, ಉಳಿದದ್ದು ಬಾಟಲಿಯ ಸಮೇತ ಡೀನರ ಬೂಟಿನ ಹತ್ತಿರ ಒಡೆಯಿತು.

ಸಭೆ ಎದ್ದಿತು. ಕುರ್ಚಿಗಳು ಬಿದ್ದವು. ಡೀನ್ ಸಾಹೇಬರು ಸ್ವಾಗತದ ಹೂಕುಂಡಕ್ಕೆ ಬಾಗಿ ವಾಂತಿ ಮಾಡಿಕೊಂಡರು. ಫೋಟೋದವನೂ ಕ್ಯಾಮರಾ ಬಿಟ್ಟು ಓಡಿದ. ಆ ಗದ್ದಲದಲ್ಲಿ ಮೇಷ್ಟ್ರು ವೇದಿಕೆಯ ಪಕ್ಕ ಬಿಚ್ಚಿಟ್ಟಿದ್ದ ತನ್ನ ಕೋಟು ತಂದು ಅವಳ ಮಡಿಲಿಗೆ ಹಾಕಿ, "ಹಿಂದಿನ ಬಾಗಿಲು. ಹೋಗಿ," ಅಂದ.

ಹೆಂಗಸರ ಬಾತ್‌ರೂಮಿನ ಚಿಲಕ ಹಾಕಿಕೊಂಡು ಅವಳು ಗೋಡೆಗೆ ಒರಗಿ ನಿಂತಳು. ಅಳು ಬರಲಿಲ್ಲ; ಅಳುವುದಕ್ಕೂ ಈ ಹೇಸಿಗೆ ಮೈಯೊಳಗೇ ಇರಬೇಕಲ್ಲ ಅನ್ನಿಸಿತು.

ಯಾರೋ ಬಾಗಿಲು ಮೆಲ್ಲಗೆ ಬಡಿದರು. "ಏನು ತರ್ಲಿ?"

"ಹೋಗಿ ಮೇಷ್ಟ್ರೇ."

"ಹೋಗ್ತೀನಿ. ಏನು ಬೇಕು ಹೇಳಿದ ಮೇಲೆ."

ಅವಳು ಹೇಳಿದಳು: ಮೇಲಿನ ಮಹಡಿ, ತನ್ನ ಬೀರು, ನೀಲಿ ಪೌಚು, ಒಂದು ಜೊತೆ ಬಟ್ಟೆ. ಅವನು ಓಡಿದ ಸದ್ದು ಕೇಳಿಸಿತು. ವಾಪಸ್ ಬಂದು ಎಲ್ಲವನ್ನೂ ಬಾಗಿಲ ಸಂದಿಯಲ್ಲಿ ಕೊಟ್ಟ.

ತೊಳೆದು, ಬದಲಾಯಿಸಿ ಹೊರಗೆ ಬಂದಾಗ ಅವನು ಕಾರಿಡಾರಿನ ನೆಲದ ಮೇಲೆ ಕೂತಿದ್ದ. ಅವಳು ನಿಂತೇ ಎಲ್ಲ ಹೇಳಿದಳು: ಕಾಯಿಲೆ, ಚೀಲ, ಕಿಟಕಿ ತೆರೆದವನು. ಕೊನೆಗೆ, "ನಿಮ್ಮ ಮೂಗು ಸುಕ್ಕಾಗಿದ್ದು ನೋಡಿದೆ ನಾನು," ಅಂದಳು.

"ಹೌದು, ಆಯ್ತು. ತಯಾರಿರಲಿಲ್ಲ. ವಾಸನೆ ಕೆಟ್ಟದಾಗಿತ್ತು."

ಅವಳು ಬೆರಗಾಗಿ ನೋಡಿದಳು. ಆಪರೇಷನ್ ಆದ ಮೇಲೆ ಅವಳ ಎದುರು ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಎಲ್ಲರೂ ವಾಸನೆಯೇ ಬರಲ್ಲ ಅಂತಾರೆ."

"ಅವರಿಗೆ ನೆಗಡಿ ಇರ್ಬೇಕು," ಅಂದ ಅವನು. "ಅಸಹ್ಯ ಆಯ್ತು, ಸುಳ್ಳು ಹೇಳಲ್ಲ. ಒಂದು ಗಳಿಗೆ. ಮರುಗಳಿಗೆ ನಿಮ್ಮ ಕಣ್ಣು ನೋಡಿದೆ, ಹೆದರಿಕೊಂಡಿದ್ರಿ. ಆಮೇಲೆ ವಾಸನೆ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ. ಆ ಗಂಧರ್ವನ ಬಾಯಿ ಮುಚ್ಚಿಸ್ಬೇಕು ಅನ್ನಿಸ್ತು, ಅಷ್ಟೇ."

"ಇದು ನಟನೆ ಅಲ್ಲ ಅಂತ ನಾನು ಹೇಗೆ ನಂಬಲಿ?"

ಅವನು ಉತ್ತರ ಕೊಡಲು ಬಾಯಿ ತೆರೆದ. ತುಟಿ ನಡುಗಿತು. ಗಲ್ಲ ಸೊಟ್ಟಗಾಯಿತು. ಮುಖದ ಸ್ನಾಯುಗಳ ಮೇಲೆ ಪ್ರಬಂಧ ಬರೆದವನು ಮಕ್ಕಳ ಹಾಗೆ ವಿಕಾರವಾಗಿ ಅಳತೊಡಗಿದ. ಮೆಟ್ಟಿಲ ಮೇಲೆ ಅವಳು ಬೇಡ ಅಂದಾಗಿನಿಂದ ಹಿಡಿದಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಮೂಗು ಸೋರಿತು, ತೋಳಿನಿಂದ ಒರೆಸಿಕೊಳ್ಳಹೋಗಿ, ಬಾಟಲಿ ಚೆಲ್ಲಿದ್ದು ಅದೇ ತೋಳಿಗೆ ಅಂತ ನೆನಪಾಗಿ, ಓಕರಿಸಿದ. ಇಷ್ಟು ಕೆಟ್ಟದಾಗಿ ಅಳುವ ಗಂಡಸನ್ನು ಅವಳು ಕಂಡಿರಲಿಲ್ಲ. ಯಾವ ನಟನೂ ಹೀಗೆ ಕಾಣಲು ಒಪ್ಪುತ್ತಿರಲಿಲ್ಲ.

ಅವಳು ಪಕ್ಕದಲ್ಲಿ ಕೂತು ತನ್ನ ಕರವಸ್ತ್ರ ಕೊಟ್ಟಳು. "ಆ ದಿನ ಅಸಹ್ಯ ಅಂದಿದ್ದು ಸುಳ್ಳು," ಅಂದಳು.

ಸಂಜೆ ಇಬ್ಬರೂ ಬಸ್ಸು ಹತ್ತಿದರು. ಗಂಧರ್ವನ ಕೈಚಳಕ ಅಂಥದ್ದು, ಅವನ ತೋಳಿನ ವಾಸನೆ ಸೋಪಿಗೂ ಹೋಗಿರಲಿಲ್ಲ. ಅವನು ಕೂತ ಕೂಡಲೇ ಮುಂದಿನ ಸೀಟಿನವರು ಎದ್ದರು. ಹಿಂದಿನವರೂ ಎದ್ದರು. ಒಬ್ಬ ಹೆಂಗಸು ಮೂಗು ಮುಚ್ಚಿಕೊಂಡು, "ಥೂ, ಏನು ಜನಾನಪ್ಪಾ!" ಅಂತ ಬಾಗಿಲ ಹತ್ತಿರ ಹೋಗಿ ನಿಂತಳು. ಅವನು ತಲೆ ತಗ್ಗಿಸಿದ.

"ನೀವೂ ಆ ಕಡೆ ಕೂತ್ಕೊಳ್ಳಿ ಡಾಕ್ಟರಮ್ಮ. ನಿಜಕ್ಕೂ ನಾರ್ತಿದ್ದೀನಿ."

"ನಾರ್ತಿದ್ದೀಯ," ಅಂದಳು ಅವಳು. ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಮುಖವನ್ನು ಮನಸಾರೆ ಸಿಂಡರಿಸಿ, ಅವನ ಪಕ್ಕದಲ್ಲಿ ಕೂತು, ಕಿಟಕಿಯನ್ನು ಮುಟ್ಟದೆ, ಅವನ ಕೈ ಹಿಡಿದುಕೊಂಡಳು.