ಎಲ್ಲಾ ತಣ್ಣಗಾಯ್ತು

"ಮೇಡಂ, ಮೈಕು..."

ಆ ದನಿ!

ಉಪನ್ಯಾಸ ಕೊಡಲು ಬಂದಿದ್ದ ವಿಜ್ಞಾನಿ ನಾಗರತ್ನ ತಲೆಯೆತ್ತಿದಳು. ಹೊನ್ನಾಳಿಯ ಕಾಲೇಜಿನ ವೇದಿಕೆಯ ಮೇಲೆ ಮೈಕು ಚಾಚಿ ನಿಂತಿದ್ದವನು ಓಬಳೇಶ್. ಎರಡು ವರ್ಷದ ಹಿಂದೆ ಒಂದು ಮಾತೂ ಹೇಳದೆ ಅವಳ ನಂಬರನ್ನೇ ಬ್ಲಾಕ್ ಮಾಡಿದ್ದವನು. ಈಗ ಇಲ್ಲಿ ಭೌತಶಾಸ್ತ್ರದ ಮೇಷ್ಟ್ರು.

ಬೆರಳಿಗೆ ಬೆರಳು ತಾಕಿತು. ಅವಳಿಗೆ ಏನೂ ಆಗಲಿಲ್ಲ.

'ಸಿಟ್ಟಾದರೂ ಬರಬೇಕಿತ್ತಲ್ಲ...'

ಎರಡು ವರ್ಷದಿಂದ ಹೀಗೇ. ಜಗಳೂರಿನಿಂದ ಅವ್ವ ಕರಿಯಕ್ಕ ಫೋನು ಮಾಡಿ ಅತ್ತರೂ "ಹೂಂ", ನಕ್ಕರೂ "ಹೂಂ".

ಮಾತು ಶುರು ಮಾಡಿದಳು. ಉಗುರಿನಷ್ಟಗಲದ ಚಿಪ್ ಒಂದನ್ನು ಎತ್ತಿ ತೋರಿಸಿದಳು. ದೂರದ ಗ್ಯಾಲಕ್ಸಿಗಳ ಬೆಳಕನ್ನು ಎಳೆಎಳೆಯಾಗಿ ಬಿಡಿಸಿ, ಅವು ಎಷ್ಟು ದೂರ ಎಂದು ಹೇಳುವ ಸ್ಪೆಕ್ಟ್ರೋಮೀಟರ್. ಅವಳ ತಂಡವೇ ಮಾಡಿದ್ದು.

"ಅದನ್ನ ತಣ್ಣಗೆ ಮಾಡ್ಬೇಕಂತಲ್ರೀ ಮೇಡಂ, ಐಸ್‌ಕ್ರೀಮಿನಂಗಾ?" ಮುಂದಿನ ಬೆಂಚಿನ ಪೂಜಾ ಕೇಳಿದಳು.

"ಐಸ್‌ಕ್ರೀಮು ಇದರ ಮುಂದೆ ಬಿಸಿ ಮುದ್ದೆ ಕಣಮ್ಮ! ಬಿಸಿ ಇದ್ದರೆ ಇದರೊಳಗಿನ ಲೋಹ ತನ್ನ ಗದ್ದಲದಲ್ಲೇ ಇರುತ್ತೆ. ಕೋಟ್ಯಂತರ ವರ್ಷ ನಡೆದು ಬಂದ ಬೆಳಕು ಬಾಗಿಲು ತಟ್ಟಿದರೂ ಕೇಳಿಸಲ್ಲ. ತೀರಾ ತಣ್ಣಗಾದಾಗ ಕರೆಂಟು ಒಂಚೂರೂ ಅಡ್ಡಿಯಿಲ್ಲದೆ ಹರಿಯುತ್ತೆ, ಅದೇ ಸೂಪರ್‌ಕಂಡಕ್ಟರ್. ಆಗ ಆ ಬೆಳಕು ಸೋಕಿದರೂ ಗೊತ್ತಾಗುತ್ತೆ. ಮೂರು ಸಲ ಸೋತಿದ್ವಿ. ಎರಡು ವರ್ಷದ ಹಿಂದೆ, ಯುಗಾದಿ ಮಾರನೇ ದಿನ, ಎಲ್ಲಾ ತಣ್ಣಗಾಯ್ತು..."

ಓಬಳೇಶನ ಕೈಯಿಂದ ಹಾಜರಿ ಪುಸ್ತಕ ಜಾರಿ ಬಿತ್ತು.

ಕಾರ್ಯಕ್ರಮ ಮುಗಿದ ಮೇಲೆ, ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿಗೆ ಅವನು ಓಡಿ ಬಂದ.

"ರತ್ನಾ... ಅವತ್ತಿನ ಆ ಮೆಸೇಜು ಈ ಮಿಷನ್ ಬಗ್ಗೆನಾ?"

"ಯಾವ್ದು?"

"'ಓಬಳೇಶ್, ಎಲ್ಲಾ ತಣ್ಣಗಾಯ್ತು.' ಹಿಂದಿನ ದಿನ ನಾನು ಕೇಳಿದ್ನಲ್ಲ, ಮನೇಲಿ ಹೆಣ್ಣು ನೋಡ್ತಾವ್ರೆ, ನಮ್ಮಿಬ್ಬರದು ಏನು ಅಂತ. ಅದಕ್ಕೆ ಉತ್ತರ ಅನ್ಕೊಂಡೆ..."

"ಅಯ್ಯೋ ಮಾರಾಯ! ಮೊದಲು ಆ ಖುಷಿ ಹೇಳಿ, ಆಮೇಲೆ ಫೋನ್ ಮಾಡಿ ಹೂಂ ಅನ್ನಾಣ ಅಂತಿದ್ದೆ. ಅಷ್ಟರಲ್ಲಿ ನೀನು ಬ್ಲಾಕು!"

"ನಮ್ಮ ಕಡೆ ತಣ್ಣಗಾಯ್ತು ಅಂದ್ರೆ ಸತ್ತೋತು ಅಂತ ಅಲ್ವೇನೆ?"

"ಹೊಟ್ಟೆ ತಣ್ಣಗಿರಲಿ ಅಂತ ಹರಸಾದೂ ನಮ್ಮ ಕಡೆನೇ ಅಲ್ವಾ?"

ಅವನು ತಲೆ ತಗ್ಗಿಸಿದ.

"ಹೆಣ್ಣು ತೋರಿಸಿದ್ರು. ನಾನು ನೋಡ್ಲಿಲ್ಲ."

ಬೇರೆ ಯಾರಾದರೂ ಅತ್ತುಬಿಡುತ್ತಿದ್ದರು. ನಾಗರತ್ನ ತನ್ನ ಕೈಯನ್ನು ಯಾರದೋ ಕೈಯೆಂಬಂತೆ ನೋಡಿಕೊಂಡಳು.

"ಮುಂದಿನ ವಾರ ಈ ಯಂತ್ರನ ಟೆಲಿಸ್ಕೋಪಿಗೆ ಜೋಡಿಸಾಕೆ ಹಿಮಾಲಯಕ್ಕೆ ಹೋಗ್ತೀನಿ. ಒಂದು ವರ್ಷ. ನನಗೇನೂ ಅನ್ನಿಸ್ತಿಲ್ಲ ಓಬಳೇಶ್. ಖುಷಿ ಇಲ್ಲ, ಸಿಟ್ಟೂ ಇಲ್ಲ. ಒಳಗೆಲ್ಲ ಜೋಮು ಹಿಡಿದಂಗೈತೆ. ಇಂಥವಳನ್ನ ಕಟ್ಕೊಂಡು ಏನ್ಮಾಡ್ತೀಯ?"

"ಜೋಮು ಹಿಡೀತು ಅಂತ ಯಾರಾದ್ರೂ ಕಾಲು ಕಡಿದು ಹಾಕ್ತಾರಾ? ಬಿಡೋ ತನಕ ಕೂತ್ಕೋತಾರೆ. ನಾನೂ ಕೂತ್ಕೋತೀನಿ. ವರ್ಷ ಆದ್ರೂ ಸರಿ."

ಪಕ್ಕದಲ್ಲಿ ಕೂತ. ಮುಟ್ಟಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳೇ ಕಿರುಬೆರಳನ್ನು ಅವನ ಕೈಯ ಮೇಲಿಟ್ಟಳು. ಮೊದಲು ಏನೂ ಇಲ್ಲ... ಆಮೇಲೆ ಎಲ್ಲೋ ಒಳಗೆ, ಸೂಜಿಮೊನೆಯಷ್ಟು...

"ಚುಚ್ತೈತೆ ಕಣೋ," ಎಂದಳು. ಕಣ್ಣು ತುಂಬಿತ್ತು.

"ಚುಚ್ಚಲಿ ಬಿಡು. ಜೋಮು ಬಿಡಾಕೆ ಹತ್ತೈತೆ."