ಗೆರೆ ಮೇಷ್ಟ್ರು

ಭಾವ ಟೀ ಲೋಟವನ್ನು ನಕ್ಷೆಯ ಮೇಲೇ ಇಟ್ಟ. ಭಾವನೆಂದರೆ ಗೆರೆ ಮೇಷ್ಟ್ರ ಹೆಂಡತಿಯ ಅಣ್ಣ, ಈ ಕಾಲೋನಿಯನ್ನು ಕಟ್ಟಿಸಿದ ಬಿಲ್ಡರ್. ಲೋಟದ ತಳದ ಒದ್ದೆ ಉಂಗುರ ಸರಿಯಾಗಿ ಹುಲ್ಲುಹಾಸಿನ ನಡುವೆ ಮೂಡಿತು. ಆಮೇಲೆ ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದು, ಗೇಟಿನಿಂದ ಹಿಂದಿನ ಖಾಲಿ ಜಾಗದವರೆಗೆ, ಆ ಉಂಗುರವನ್ನು ಸೀಳಿಕೊಂಡು ಒಂದು ಗೆರೆ ಎಳೆದ.

“ರಸ್ತೆ ಇಲ್ಲಿ ಬರುತ್ತೆ. ಹಿಂದೆ ಇನ್ನೊಂದು ಸಾಲು ಮನೆ ಕಟ್ಟೋಣ. ಕಾರು ಬಾಗಿಲ ತನಕ ಬರಬೇಕು ಅಂತಾರೆ ಕೊಳ್ಳೋರು. ನಿನ್ನ ಕಾಲುನಡಿಗೆ ಕಾಲೋನಿ ಪೇಪರಲ್ಲಿ ಚೆನ್ನಾಗಿದೆ ಕಣೋ.”

“ಭಾವ, ಮಕ್ಕಳು ಆಡೋ ಜಾಗ ಅದು.”

“ಬದಿಯಲ್ಲಿ ಆಡಿಕೊಳ್ಳಲಿ ಬಿಡು. ಸೋಮವಾರ ಸುಣ್ಣದ ಗೆರೆ ಎಳೆಯೋಕೆ ಹೇಳಿದ್ದೀನಿ.”

ಗೆರೆ ಮೇಷ್ಟ್ರು ಲೋಟ ಎತ್ತಿ ನಕ್ಷೆಯ ಒದ್ದೆ ಒರೆಸಿದ. ಆ ಹೆಸರು ಕಾಲೋನಿಯವರು ಇಟ್ಟದ್ದು. ಅವನು ಯಾರಿಗೂ ಪಾಠ ಹೇಳಿದವನಲ್ಲ, ಮನೆಗಳ ನಕ್ಷೆ ಬರೆಯುವವನು. ಕಾಲೋನಿ ಮುಗಿದಾಗ ಸುತ್ತ ಮನೆಗಳಿದ್ದವು, ನಡುವೆ ಎಲ್ಲರದೂ ಆದ ಹುಲ್ಲಿತ್ತು, ಕಾಲುದಾರಿ ಮಾತ್ರ ಇರಲಿಲ್ಲ. ಇದೆಂಥ ಇಂಜಿನಿಯರು, ಚಪ್ಪಲಿಯೆಲ್ಲ ಕೆಸರು ಎಂದು ಜನ ಬೈದರು. “ನೀವು ನಡೀತಾ ಇರಿ, ನಾನು ನೋಡ್ತೀನಿ” ಎಂದು ಅವನು ತನ್ನ ಮಹಡಿಯ ಕಿಟಕಿಯಲ್ಲಿ ಕೂತ. ಮುಂದಿನ ಮಳೆಗಾಲ ಬರುವ ಹೊತ್ತಿಗೆ ಹುಲ್ಲು ಅಲ್ಲಲ್ಲಿ ಸವೆದು, ಶಾಲೆಗೆ, ಅಂಗಡಿಗೆ, ಲೈಬ್ರರಿಗೆ ಜನ ಹೋಗುವ ಗೆರೆಗಳು ತಾವಾಗಿಯೇ ಮೂಡಿದ್ದವು. ಆ ಗೆರೆಗಳ ಮೇಲೆ ಅವನು ಕಲ್ಲು ಹಾಸಿಸಿದ. ಬೈದವರೇ ಈಗ ಬಂದ ನೆಂಟರನ್ನು ಕರೆದುಕೊಂಡು ಹೋಗಿ, ಇದು ನನ್ನ ಕಾಲು ಬರೆದ ದಾರಿ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಮಾಡಿದ್ದು ಮಗಳಿಗಾಗಿ. ಹಳೆಯ ಮನೆಯ ಬಾಗಿಲು ತೆರೆದರೆ ರಸ್ತೆ. ಎದುರು ಮನೆಯವರ ಪಾತ್ರೆ ವಾಪಸು ಕೊಡಲು ಹೋದ ಮಗು ಕಾರಿಗೆ ಸಿಕ್ಕಿತು. ಪ್ರಾಣ ಉಳಿಯಿತು, ಬಲಗಾಲು ಮೊದಲಿನಂತಾಗಲಿಲ್ಲ. ಆಮೇಲೆ ಅವಳು ವರ್ಷಗಟ್ಟಲೆ ಹೊಸ್ತಿಲು ದಾಟಲಿಲ್ಲ, ಹಾರನ್ ಕೇಳಿದರೆ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದಳು. ಅದಕ್ಕೇ ಅವನು ವಾಹನಗಳೆಲ್ಲ ಗೇಟಿನಲ್ಲೇ ನಿಲ್ಲುವ, ಸಾಮಾನು ಸಾಗಿಸಲು ಕೈಗಾಡಿಗಳಿರುವ, ಪ್ರತಿ ಮನೆಯ ಅಡುಗೆಮನೆ ಕಿಟಕಿಯೂ ದಾರಿಯ ಕಡೆ ತೆರೆಯುವ ಕಾಲೋನಿ ಬರೆದ. ನಡೆಯುವ ಮಗುವಿನ ಮೇಲೆ ಯಾವಾಗಲೂ ಯಾರದಾದರೂ ಒಂದು ಕಣ್ಣು ಇರಬೇಕೆಂಬುದು ಅವನ ಲೆಕ್ಕ. ಮಗಳು ಊರುಗೋಲು ಹಿಡಿದು ಮೊದಲ ಸಲ ಒಬ್ಬಳೇ ಲೈಬ್ರರಿಗೆ ಹೋಗಿ ಪುಸ್ತಕ ತಂದ ದಿನ ಅವನು ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತ.

ಆ ಹುಲ್ಲಿನ ಮೇಲೆ ಸೋಮವಾರ ಸುಣ್ಣ ಬೀಳಲಿತ್ತು.

ಅವನು ಬೇಡಿಕೊಂಡ. ಹೆಂಡತಿಯೂ ಅಣ್ಣನ ಮುಂದೆ ಕಣ್ಣೀರು ಹಾಕಿದಳು. ಭಾವ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುರುವಾರ ಮಗಳು ಊಟದ ತಟ್ಟೆಯ ಮುಂದೆ ತಲೆ ಎತ್ತದೆ ಕೇಳಿದಳು: “ಕಾರು ಬರೋಕೆ ಶುರುವಾದ ಮೇಲೆ ಲೈಬ್ರರಿಯಿಂದ ಪುಸ್ತಕ ನೀನೇ ತಂದುಕೊಡ್ತೀಯಾ ಅಪ್ಪ?” ಗೆರೆ ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಭಾವನನ್ನು ಕೊಲ್ಲಬೇಕೆಂದು ಅವನು ತೀರ್ಮಾನಿಸಿದ್ದು ಆಗಲೇ. ಕೋಪದಲ್ಲಿ ಅಲ್ಲ, ಬೇರೆ ದಾರಿ ಕಾಣದೆ. ಭಾವನಿಗೆ ಹೆಂಡತಿ ಮಕ್ಕಳಿಲ್ಲ, ಕಂಪನಿ ತಂಗಿಗೆ ಬರುತ್ತದೆ. ತಂಗಿ ಆ ರಸ್ತೆಯನ್ನು ಎಂದಿಗೂ ಮಾಡಿಸುವುದಿಲ್ಲ.

ಇಡೀ ಕಾಲೋನಿಯಲ್ಲಿ ಯಾವ ಕಿಟಕಿಗೂ ಕಾಣದ ಜಾಗ ಒಂದೇ. ಹುಲ್ಲುಹಾಸಿನ ಮೂಲೆಯ ಹಳೆಯ ಬಾವಿ. ಪಕ್ಕದ ಪಂಪ್‌ಮನೆ ನೋಡಲು ಅಸಹ್ಯವೆಂದು ಅವನೇ ಸುತ್ತ ದಟ್ಟವಾಗಿ ಬಳ್ಳಿ ಹಬ್ಬಿಸಿದ್ದ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ. ಅದರ ಅರ್ಧ ಭಾಗ, ಪಂಪು ರಿಪೇರಿಗೆ ಇಳಿಯುವವರಿಗೆ ತೆಗೆಯಲು ಬರುವಂತೆ, ಬರೀ ಬೋಲ್ಟುಗಳ ಮೇಲೆ ನಿಂತಿತ್ತು. ಭಾವನಿಗೆ ಹೃದಯದ ತೊಂದರೆ. ಡಾಕ್ಟರು ಸಿಗರೇಟು ಬಿಡಿಸಿದ್ದರು, ತಂಗಿ ಅಂಗಿ ಮೂಸಿ ನೋಡುತ್ತಿದ್ದಳು. ಹಾಗಾಗಿ ಆ ಸ್ಥೂಲದೇಹಿ ಪ್ರತಿ ಬೆಳಿಗ್ಗೆ ಕಾಲೋನಿಗೆ ವಾಕಿಂಗ್ ಎಂದು ಬಂದು, ಬಳ್ಳಿಯ ಮರೆಯಲ್ಲಿ, ಆ ಅರ್ಧ ಜಾಲರಿಯ ಮೇಲೆಯೇ ಕೂತು, ಪಂಪ್‌ಮನೆಯ ಗೋಡೆಗೆ ಬೆನ್ನು ಕೊಟ್ಟು ಸೇದುತ್ತಿದ್ದ. ಬೋಲ್ಟು ತುಕ್ಕು ಹಿಡಿದಿದೆ ಎಂದು ಪಂಪಿನವನು ಎಲ್ಲರೆದುರು ಹೇಳಿದ್ದ. ಬದಲಾಯಿಸೋಣವೆಂದು ಗೆರೆ ಮೇಷ್ಟ್ರೇ ಹೇಳಿದ್ದ. ಆಮೇಲೆ ನೋಡೋಣ ಎಂದು ಕೈ ಬೀಸಿದವನು ಭಾವ. ಇದನ್ನು ನೆನೆದಾಗ ಗೆರೆ ಮೇಷ್ಟ್ರಿಗೆ ನಗು ಬಂದಂತಾಯಿತು, ಬರಲಿಲ್ಲ.

ಪಂಪ್‌ಮನೆಯ ಗುಜರಿಯಲ್ಲಿ ತುಕ್ಕು ತಿಂದು ಮುರಿದ ಹಳೆಯ ಬೋಲ್ಟುಗಳು ಬಿದ್ದಿದ್ದವು. ಜಾಲರಿಯಲ್ಲಿ ತುಕ್ಕು ಹಿಡಿದರೂ ಇನ್ನೂ ಗಟ್ಟಿಯಿರುವವನ್ನು ಬಿಚ್ಚಿ ಮುರಿದವನ್ನು ಸಿಕ್ಕಿಸಿದರೆ ಸಾಕು. ಜಾಲರಿ ತನ್ನ ಭಾರಕ್ಕೆ ಸುಮ್ಮನೆ ಕೂತಿರುತ್ತದೆ, ಮೇಲೆ ಆಳು ಕೂತರೆ ವಾಲುತ್ತದೆ. ಆ ಹೊತ್ತಿಗೆ ತಾನು ಗೇಟಿನ ಬಳಿ, ಎಲ್ಲರ ಕಣ್ಣೆದುರು ಟೀ ಕುಡಿಯುತ್ತಿರಬೇಕು.

ಉಳಿದದ್ದು ಬಾವಿಯ ತನಕ ಹೋಗಿ ಬರುವುದು. ಕಲ್ಲುದಾರಿಯಲ್ಲಿ ಹೋದರೆ ಅಡುಗೆಮನೆಗಳ ಮುಂದೆಯೇ ಹಾಯಬೇಕು. ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಕೋಳಿಗಿಂತ ಮೊದಲು ಎದ್ದು ಒಲೆ ಹಚ್ಚುವವರು. ಕಾಂಪೌಂಡಿನ ಬದಿ ಕಾವಲುಗಾರ. ಉಳಿದದ್ದು ಹುಲ್ಲು. ಹಿಂಬಾಗಿಲಿನಿಂದ ಬಾವಿಗೆ ನೇರ ಹುಲ್ಲಿನ ಮೇಲೆ. ಅವನ ಹಿಂಬಾಗಿಲಿಗೂ ಬಾವಿಗೂ ನಡುವೆ ಯಾರೂ ನಡೆಯುವುದಿಲ್ಲ, ಒಂದೇ ಒಂದು ಗೆರೆ ಬಿದ್ದಿಲ್ಲ, ಅದಕ್ಕೇ ಅಲ್ಲಿ ಕಲ್ಲೂ ಇಲ್ಲ. ಮುಂಜಾನೆ ಈ ತಿಂಗಳಲ್ಲಿ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಹುಲ್ಲು ಒಬ್ಬನ ಒಂದು ಸಲದ ನಡಿಗೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಗೆರೆ ಬೀಳಬೇಕಾದರೆ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಕಾಲು ಬೀಳಬೇಕು. ಇದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಗೊತ್ತಿದ್ದವಳು ಇನ್ನೊಬ್ಬಳಿದ್ದಳು. ಕಾಲೋನಿಯ ಆ ಮೊದಲ ವರ್ಷ ಮಹಡಿಯ ಕಿಟಕಿಯಲ್ಲಿ ಮಗಳೂ ಅವನ ಜೊತೆ ಕೂತಿದ್ದಳು. ಯಾವ ಗೆರೆ ಯಾರದೆಂದು ಹೇಳುವುದು ಅವರಿಬ್ಬರ ಆಟ. ಪೋಸ್ಟಿನವನದು ನೆಟ್ಟಗೆ, ನರ್ಸಮ್ಮನದು ಹೂವಿನ ಗಿಡಗಳ ಕಡೆ ಬಾಗಿದ್ದು, ತನ್ನದು ಹೆಜ್ಜೆಯ ಪಕ್ಕ ಊರುಗೋಲಿನ ಚುಕ್ಕೆ ಇದ್ದದ್ದು. “ನಿನ್ನದು ಬಿಡಪ್ಪ, ಕಣ್ಣು ಮುಚ್ಚಿ ಹೇಳಬಹುದು. ಬಾತುಕೋಳಿ” ಎಂದು ಅವಳು ನಗುತ್ತಿದ್ದಳು. ಅವನ ಪಾದಗಳೆರಡೂ ಹೊರಕ್ಕೆ ತಿರುಗಿದ್ದವು.

ಭಾನುವಾರ ಬೆಳಕು ಹರಿಯುವ ಮೊದಲು ಅವನು ಹಿಂಬಾಗಿಲು ತೆಗೆದ. ಮಂಜು ಬಾಗಿಲಿಗೇ ಬಂದು ನಿಂತಿತ್ತು. ಎಣಿಸಿದ್ದಕ್ಕಿಂತ ಸಲೀಸಾಗಿ ಕೆಲಸ ಮುಗಿಯಿತು. ಬೋಲ್ಟುಗಳು ಹಟ ಮಾಡಲಿಲ್ಲ. ಜಾಲರಿಯ ಸಂದಿಯಿಂದ ಬಾವಿಯ ತಣ್ಣನೆಯ ಉಸಿರು ಮುಖಕ್ಕೆ ಬಡಿದಾಗ, ಈ ಮನುಷ್ಯನೇ ಆಸ್ಪತ್ರೆಯಲ್ಲಿ ಮಗಳಿಗೆ ರಕ್ತ ಕೊಟ್ಟಿದ್ದು ಎಂಬುದು ನೆನಪಾಯಿತು. ಅವನು ಹಲ್ಲು ಕಚ್ಚಿಕೊಂಡು ಕೊನೆಯ ಬೋಲ್ಟನ್ನು ಜೇಬಿಗೆ ಹಾಕಿದ. ಮನೆಗೆ ಬಂದಾಗ ಬೂಟೂ ಪ್ಯಾಂಟಿನ ಅಂಚೂ ತೊಯ್ದು ತೊಪ್ಪೆಯಾಗಿದ್ದವು. ಅದನ್ನೂ ಅವನು ಮರೆಯಲಿಲ್ಲ. ಬೂಟನ್ನು ಒರೆಸಿ, ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ಕಿತ್ತು, ಜೇಬಿನ ಬೋಲ್ಟುಗಳನ್ನು ಹಳೆ ಸಾಮಾನಿನ ಡಬ್ಬಕ್ಕೆ ಸೇರಿಸಿ, ಪ್ಯಾಂಟು ಬದಲಾಯಿಸಿ, ಒದ್ದೆಯದನ್ನು ಬಟ್ಟೆ ತೊಳೆಯುವ ಮೆಷಿನ್ನಿಗೆ ಹಾಕಿದ. ತನ್ನ ಮೇಲೆ ಒಂದು ಹನಿಯೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಮುಂಬಾಗಿಲಿನಿಂದ, ನರ್ಸಮ್ಮನಿಗೆ ಕಾಣುವಂತೆ, ಕಲ್ಲುದಾರಿ ಹಿಡಿದು ಗೇಟಿಗೆ ಹೋದ.

“ಏನು ಮೇಷ್ಟ್ರೇ, ಇಷ್ಟು ಬೇಗ?” ಎಂದರು ನರ್ಸಮ್ಮ ಕಿಟಕಿಯಿಂದ.

“ನಿದ್ದೆ ಬರಲಿಲ್ಲ ನರ್ಸಮ್ಮ. ನಾಳೆ ಸುಣ್ಣ ಹಾಕ್ತಾರಲ್ಲ.”

ಇದು ನಿಜವೇ ಆದ್ದರಿಂದ ಹೇಳಲು ಕಷ್ಟವಾಗಲಿಲ್ಲ.

ಗೇಟಿನ ಟೀ ಅಂಗಡಿಯಲ್ಲಿ ಜನ ಸೇರಿದ್ದರು. ಭಾವ ಕಾರಿನಿಂದಿಳಿದು ನೇರ ಅವನ ಬಳಿಗೇ ಬಂದು ಹೆಗಲ ಮೇಲೆ ಕೈ ಹಾಕಿದ.

“ನಿನ್ನ ಮಗಳು ನಿನ್ನೆ ಫೋನ್ ಮಾಡಿದ್ದಳು ಕಣೋ. ಅಳಲಿಲ್ಲ, ಬೈಯಲಿಲ್ಲ. ಲೈಬ್ರರಿಗೆ ಹೋಗೋ ದಾರಿಲಿ ಎಷ್ಟು ಮರ ಇದೆ ಅಂತ ಒಂದೊಂದೇ ಹೇಳಿದಳು. ನನಗೆ ಆಮೇಲೆ ನಿದ್ದೆ ಹತ್ತಲಿಲ್ಲ.” ಅವನು ದನಿ ತಗ್ಗಿಸಿದ. “ಒಂದು ಸುತ್ತು ಹೋಗಿ ಬರ್ತೀನಿ. ಆಮೇಲೆ ಕೂತು ಮಾತಾಡೋಣ. ರಸ್ತೆ ಆ ಕಡೆಯಿಂದ ಸುತ್ತಿಸೋಕೆ ಬರುತ್ತೇನೋ ನೋಡೋಣ.”

ಭಾವ ಕಲ್ಲುದಾರಿ ಹಿಡಿದು ಮಂಜಿನೊಳಗೆ ನಡೆದ. ಕರೆಯಬೇಕು ಎಂದು ಗೆರೆ ಮೇಷ್ಟ್ರಿಗೆ ಅನ್ನಿಸಿತು. ಭಾವ ಎಂಬ ಪದ ನಾಲಿಗೆಯ ತುದಿಗೆ ಬಂದಿತ್ತು. ಕರೆದರೆ ಏನೆಂದು ಹೇಳುವುದು? ಜಾಲರಿಯ ಮೇಲೆ ಕೂರಬೇಡಿ ಎಂದರೆ ಯಾಕೆಂದು ಕೇಳುತ್ತಾನೆ. ಬರೀ ಬಾಯಿಮಾತಿನ ಸಮಾಧಾನವೂ ಇರಬಹುದು, ಭಾವ ಎಷ್ಟು ಸಲ ಹೀಗೆ ಹೇಳಿ ಕೈಕೊಟ್ಟಿಲ್ಲ? ಹೀಗೆ ಲೆಕ್ಕ ಹಾಕುತ್ತಿದ್ದಂತೆಯೇ ಭಾವನ ಬೆನ್ನು ಕರಗಿಹೋಯಿತು. ಅವನು ಟೀಯನ್ನು ತುಟಿಗೆ ತಂದ. ಅದು ಆಗಲೇ ತಣ್ಣಗಾಗಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಬ್ಬಿಣ ಕಲ್ಲಿಗೆ ಬಡಿದ ಸದ್ದು ಕೇಳಿತು, ಆಮೇಲೆ ಒಂದು ಕೂಗು. ಎಲ್ಲರೂ ಕಲ್ಲುದಾರಿಯ ಮೇಲೆ ಓಡಿದರು. ಎಲ್ಲರಿಗಿಂತ ಮುಂದೆ ಅವನೇ ಓಡಿದ, ನಾಟಕವಾಡಬೇಕಾಗಿ ಬರಲಿಲ್ಲ.

ಬಾವಿಯಿಂದ ಎತ್ತುವಷ್ಟರಲ್ಲಿ ಭಾವನ ಪ್ರಾಣ ಹೋಗಿತ್ತು. ಇನ್‌ಸ್ಪೆಕ್ಟರ್ ಬಂದರು. ಮುರಿದ ಬೋಲ್ಟುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು, ಪಂಪಿನವನನ್ನು ಕೇಳಿದರು, ಟೀ ಅಂಗಡಿಯವನನ್ನು ಕೇಳಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಮೇಷ್ಟ್ರು ಬದಲಾಯಿಸೋಣ ಅಂದಿದ್ದರು, ಸತ್ತವರೇ ಕೇಳಲಿಲ್ಲ. ಮಂಜು ಇನ್ನೂ ಬಿಟ್ಟಿರಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಅವನ ಮನೆಗೆ ಬಂದು, ಹಿಂಬಾಗಿಲ ಪಕ್ಕದ ಕೋಣೆಯಲ್ಲಿ ಕೂತರು. ಹೆಂಡತಿ ಗೋಡೆಗೆ ತಲೆ ಆನಿಸಿ ಅಳುತ್ತಿದ್ದಳು. ನರ್ಸಮ್ಮ ಎಲ್ಲರಿಗೂ ಟೀ ತಂದುಕೊಟ್ಟರು.

“ನೀವು ಬೆಳಿಗ್ಗೆಯಿಂದ ಬಾವಿ ಕಡೆ ಹೋಗಿರಲಿಲ್ಲ ಅಲ್ವಾ?” ಎಂದು ಇನ್‌ಸ್ಪೆಕ್ಟರ್ ಕೇಳಿದರು, ಕೇಳಬೇಕಲ್ಲ ಎಂದು ಕೇಳುವವರ ಹಾಗೆ.

“ಇಲ್ಲ ಸಾರ್. ಎದ್ದವನು ನೇರ ಗೇಟಿಗೆ ಹೋದೆ. ಕೂಗು ಕೇಳಿದ ಮೇಲೆ ಎಲ್ಲರ ಜೊತೆ ಕಲ್ಲುದಾರಿಯಲ್ಲಿ ಓಡಿದ್ದು, ಅಷ್ಟೇ.”

“ನಾನೇ ನೋಡಿದೆನಲ್ಲ ಸಾರ್” ಎಂದರು ನರ್ಸಮ್ಮ.

ಇನ್‌ಸ್ಪೆಕ್ಟರ್ ತಲೆಯಾಡಿಸಿ ಏಳಲು ನೋಡಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ಬೆಳಗಿನಿಂದ ಮಹಡಿಯ ಕಿಟಕಿ ಬಿಟ್ಟು ಕದಲದ ಮಗಳು ಇಳಿದು ಬಂದು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. “ಅಪ್ಪ,” ಎಂದಳು, “ನೀನು ಬೆಳಿಗ್ಗೆ ಬಾವಿ ತನಕ ಹೋಗಿದ್ದೆಯಲ್ಲ, ಆ ಜಾಲರಿ ನೋಡಲಿಲ್ವಾ? ನೋಡಿದ್ದಿದ್ದರೆ ಮಾವ ಬದುಕುತ್ತಿದ್ದರು.” ಅವನು ತಿರುಗಿ ಹಿಂಬಾಗಿಲಿನಾಚೆ ನೋಡಿದ. ಮಂಜು ಎದ್ದು ಹೋಗಿ ಎಳೆಬಿಸಿಲು ಬಿದ್ದಿತ್ತು. ಇಡೀ ಹುಲ್ಲುಹಾಸು ಇಬ್ಬನಿಯಿಂದ ಬೆಳ್ಳಗೆ ಹೊಳೆಯುತ್ತಿತ್ತು. ಅದರ ನಡುವೆ ಇಬ್ಬನಿ ಒರೆಸಿಹೋದ ಒಂದೇ ಒಂದು ಕಡುಹಸಿರು ಗೆರೆ, ಈ ಬಾಗಿಲಿನಿಂದ ಹೊರಟು ನೆಟ್ಟಗೆ ಬಾವಿಯ ಬಳ್ಳಿಯವರೆಗೆ ಹೋಗಿ, ಅಲ್ಲಿಂದ ವಾಪಸು ಇದೇ ಬಾಗಿಲಿಗೆ ಬಂದಿತ್ತು, ಒಂದೊಂದು ಹೆಜ್ಜೆಯೂ ಹೊರಕ್ಕೆ ತಿರುಗಿಕೊಂಡು. ನರ್ಸಮ್ಮ ಅದನ್ನು ನೋಡಿದರು, ಆಮೇಲೆ ಹೆಂಡತಿ ನೋಡಿದಳು. ಇನ್‌ಸ್ಪೆಕ್ಟರ್ ಟೀ ಲೋಟವನ್ನು ಮೇಜಿನ ಮೇಲೆ ಹರಡಿದ್ದ ನಕ್ಷೆಯ ಮೇಲಿಟ್ಟು, ಅವನ ಪಾದಗಳನ್ನು ನೋಡಿದರು.